ಕನಸಿನಲ್ಲೇ ಇಳಿದ ತೂಕ

ಮನೆಯಲ್ಲಿ ಮದುವೆ ಗೊತ್ತಾದರೆ ಸಾಕು, ತೂಕ ಇಳಿಸುವ ಸಂಕಲ್ಪ ಹುಟ್ಟುತ್ತದೆ. ಜೊತೆಗೊಂದು ಉಪದೇಶವೂ ಬರುತ್ತದೆ: “ಸಣ್ಣಗಾದ ಹಾಗೆ ಊಹಿಸಿಕೋ, ಆಗಿಬಿಡ್ತೀಯ.” ಇದರಲ್ಲಿ ಸತ್ಯವಿದೆ, ಅರ್ಧದಷ್ಟು.

ತಪ್ಪು ಕಲ್ಪನೆ: ದಿನಾ ಕಲ್ಪಿಸಿಕೊಂಡರೆ ತೂಕ ತಾನಾಗಿ ಇಳಿಯುತ್ತದೆ.

ವಾಸ್ತವ: ಮನಶ್ಶಾಸ್ತ್ರಜ್ಞರಾದ ಗೇಬ್ರಿಯೆಲ್ ಓಟಿಂಗೆನ್ ಮತ್ತು ಥಾಮಸ್ ವಾಡನ್ ಅಮೆರಿಕದಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರನ್ನು ಒಂದು ವರ್ಷ ಗಮನಿಸಿ, 1991ರಲ್ಲಿ ಫಲಿತಾಂಶ ಪ್ರಕಟಿಸಿದರು. “ನನ್ನ ಕೈಲಾಗುತ್ತದೆ” ಎಂಬ ನಂಬಿಕೆಯಿದ್ದವರ ತೂಕ ಹೆಚ್ಚು ಇಳಿದಿತ್ತು. ಆದರೆ ಎಲ್ಲವೂ ಸಲೀಸು ಎಂದು ಬಣ್ಣದ ಕನಸು ಕಂಡವರು, ಕಷ್ಟವನ್ನೂ ಊಹಿಸಿದವರಿಗಿಂತ ಸುಮಾರು 11 ಕೆ.ಜಿ.ಯಷ್ಟು ಹಿಂದೆ ಬಿದ್ದಿದ್ದರು. ಕನಸಿನಲ್ಲಿ ಗೆದ್ದ ಮನಸ್ಸು ಹಾಯಾಗಿ ಕೂತುಬಿಡುತ್ತದೆ. ಹಾಗಾಗಿ ಓಟಿಂಗೆನ್ ಮುಂದೆ ರೂಪಿಸಿದ ಕ್ರಮದಲ್ಲಿ ಆಸೆಯ ಬೆನ್ನಿಗೇ ಅಡ್ಡಿಯನ್ನೂ ನೆನೆಯಬೇಕು. ಸಂಜೆ ಐದಕ್ಕೆ ಆಫೀಸಿನೆದುರಿನ ಗಾಡಿಯಲ್ಲಿ ಬೋಂಡಾ ಕರಿಯುತ್ತಾರೆ, ಅದು ಅಡ್ಡಿ. “ಗಾಡಿ ಕಂಡರೆ ಬರೀ ಟೀ ಕುಡಿದು ಹೊರಡುತ್ತೇನೆ” ಎಂಬ ತೀರ್ಮಾನ ಮೊದಲೇ ಆಗಿರಬೇಕು. ವಾಸನೆ ಬಂದ ಮೇಲೆ ತೀರ್ಮಾನಿಸಲು ಹೊರಟರೆ ಬೋಂಡಾದ್ದೇ ಗೆಲುವು.

ತಪ್ಪು ಕಲ್ಪನೆ: “ಆರೋಗ್ಯವಾಗಿರಬೇಕು” ಅಂದುಕೊಂಡರೆ ಅದೇ ಗುರಿ.

ವಾಸ್ತವ: ಎದುರಿಗಿರುವ ಜಿಲೇಬಿಗೆ ಬಣ್ಣವಿದೆ, ಪಾಕವಿದೆ, ಹತ್ತು ವರ್ಷದಾಚೆಯ ಆರೋಗ್ಯಕ್ಕೆ ರೂಪವೇ ಇಲ್ಲ. ದೂರದ ಲಾಭಕ್ಕೆ ಮನಸ್ಸು ಕಡಿಮೆ ಬೆಲೆ ಕಟ್ಟುತ್ತದೆ. ಆದ್ದರಿಂದ ಆ ದೂರದ ದಿನಕ್ಕೆ ಊರು, ಹೊತ್ತು, ಜನ ಎಲ್ಲವನ್ನೂ ಕೊಡಬೇಕು. ಮೈಸೂರಿನವರಾದರೆ, ಮುಂದಿನ ದಸರಾ ಹೊತ್ತಿಗೆ ಮೊಮ್ಮಗಳ ಕೈಹಿಡಿದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿರುವ ಬೆಳಗನ್ನು ನೆನೆಯಬಹುದು. ಬಫಲೋ ವಿಶ್ವವಿದ್ಯಾಲಯದ ಲೆನಾರ್ಡ್ ಎಪ್‌ಸ್ಟೀನ್ ತಂಡ 26 ಮಹಿಳೆಯರೊಂದಿಗೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮದೇ ಬದುಕಿನ ಮುಂದಿನ ಘಟನೆಗಳನ್ನು ಹೀಗೆ ವಿವರವಾಗಿ ಕಲ್ಪಿಸಿಕೊಂಡವರು, ತಿನಿಸು ಬೇಕಾದಷ್ಟು ಎದುರಿಗಿದ್ದರೂ ಕಡಿಮೆ ತಿಂದರು.

ತಪ್ಪು ಕಲ್ಪನೆ: ಭಯ ಹುಟ್ಟಿಸಿದರೆ ದಾರಿಗೆ ಬರುತ್ತಾರೆ.

ವಾಸ್ತವ: “ಶುಗರ್ ಬಂದು ಕಾಲು ಕಳಕೊಳ್ತೀಯ” ಎಂದು ಬೈಸಿಕೊಂಡವರು ಹಲವೊಮ್ಮೆ ಪರೀಕ್ಷೆ ಮಾಡಿಸುವುದನ್ನೇ ಬಿಡುತ್ತಾರೆ.

ತಪ್ಪು ಕಲ್ಪನೆ: ಗುರಿ ದೊಡ್ಡದಿದ್ದಷ್ಟೂ ಹುರುಪು ಜಾಸ್ತಿ.

ವಾಸ್ತವ: 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನ ಕೇಳಿದ್ದು ತೂಕದಲ್ಲಿ ಶೇ. 7ರ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ. ಹಾಗೆ ಬದುಕು ತಿದ್ದಿಕೊಂಡವರ ಗುಂಪಿನಲ್ಲಿ ಮಧುಮೇಹ ಶೇ. 58ರಷ್ಟು ಕಡಿಮೆಯಾಯಿತು. 2006ರ ಭಾರತದ ಅಧ್ಯಯನ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ: ತೂಕ ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಊಟ-ನಡಿಗೆ ಸರಿಪಡಿಸಿಕೊಂಡವರಲ್ಲಿ ಅಪಾಯ ಶೇ. 28.5ರಷ್ಟು ತಗ್ಗಿತ್ತು. ತಕ್ಕಡಿಯ ಮುಳ್ಳೊಂದನ್ನೇ ಗುರಿ ಮಾಡಿಕೊಂಡವರು ಇದನ್ನು ಗಮನಿಸಬೇಕು.

ತಪ್ಪು ಕಲ್ಪನೆ: ಕಲ್ಪನೆಯೇ ಚಿಕಿತ್ಸೆ.

ವಾಸ್ತವ: ಎಪ್‌ಸ್ಟೀನ್ ತಂಡವೇ 2022ರಲ್ಲಿ, ಮಧುಮೇಹದ ಅಂಚಿನಲ್ಲಿದ್ದ 71 ಜನರ ಆರು ತಿಂಗಳ ಪ್ರಯೋಗವನ್ನು ವರದಿ ಮಾಡಿತು. ಎಲ್ಲರಿಗೂ ಆಹಾರ-ವ್ಯಾಯಾಮದ ತರಬೇತಿ ಇತ್ತು. ಅರ್ಧ ಜನರಿಗೆ ಭವಿಷ್ಯ ಕಲ್ಪನೆಯ ಅಭ್ಯಾಸವೂ ಇತ್ತು. ಕಲ್ಪಿಸಿಕೊಂಡವರಲ್ಲಿ ತಕ್ಷಣದ ಆಸೆಗೆ ಸೋಲುವ ಸ್ವಭಾವ ತಗ್ಗಿತು, ನಿಜ. ತೂಕ ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು, ಸರಾಸರಿ 4.8 ಕೆ.ಜಿ. ಕಣ್ಣುಮುಚ್ಚಿ ಕೂರಿಸಿ ತೂಕ ಇಳಿಸುತ್ತೇವೆ ಎನ್ನುವ ಶಿಬಿರಕ್ಕೆ ಫೀಸು ಕಟ್ಟುವ ಮುನ್ನ ಈ ಫಲಿತಾಂಶವನ್ನು ನೆನಪಿಡಿ. ತೂಕ ಏರಲು ಥೈರಾಯ್ಡ್ ತೊಂದರೆಯೂ ಕಾರಣವಾಗಿರಬಹುದು, ಅದರ ಪರೀಕ್ಷೆ ಮಾಡಿಸಿಲ್ಲವಾದರೆ ಮೊದಲು ವೈದ್ಯರನ್ನು ಕಾಣಿರಿ.