‘ವ್ಯಾಕ್ಸಿನ್’ ಎಂಬ ಮಾತಿನಲ್ಲಿರುವ ಹಸು



ದನಗಳಿಗೆ ಚುಚ್ಚುಮದ್ದು ಹಾಕಲು ಬಂದವರು ‘ವ್ಯಾಕ್ಸಿನ್’ ಎನ್ನುವುದನ್ನು ನೀವೆಲ್ಲರೂ ಕೇಳಿದ್ದೀರಿ. ಸಿಡುಬು ಬಾರದಿರಲೆಂದು ನಮ್ಮ ಹಿರಿಯರು ಹಾಕಿಸಿಕೊಂಡ ದಾಕು, ಈಗ ನಾವು ಹೇಳುವ ಲಸಿಕೆ, ಎಲ್ಲವೂ ಇದೇ. ಈ ಇಂಗ್ಲಿಷ್ ಮಾತು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ವ್ಯಾಕಾ’ ಎಂದರೆ ಹಸು.

ಹಿಂದೆ ಇಂಗ್ಲೆಂಡಿನಲ್ಲಿ ಹಸುಗಳ ಕೆಚ್ಚಲಿನ ಮೇಲೆ ಒಂದು ಬಗೆಯ ಗುಳ್ಳೆ ಏಳುತ್ತಿತ್ತು. ಅದೇ ಗೋಸಿಡುಬು. ಹಾಲು ಕರೆಯುವವರ ಕೈಗೂ ಅದು ಅಂಟಿ, ಕೆಲವು ದಿನ ಕಾಡಿ ವಾಸಿಯಾಗುತ್ತಿತ್ತು. ಹಾಗೆ ಅಂಟಿಸಿಕೊಂಡವರಿಗೆ ಪ್ರಾಣ ತೆಗೆಯುವ ದೊಡ್ಡ ಸಿಡುಬು ಬಾರದೆಂದು ಅಲ್ಲಿನ ಹಳ್ಳಿಯವರು ಆಡಿಕೊಳ್ಳುತ್ತಿದ್ದರು. 1774ರಲ್ಲಿ ಸಿಡುಬು ಹರಡಿದಾಗ ಬೆಂಜಮಿನ್ ಜೆಸ್ಟಿ ಎಂಬ ರೈತನು ಹಸುವಿನ ಗುಳ್ಳೆಯ ರಸವನ್ನು ತನ್ನ ಹೆಂಡತಿಗೂ ಇಬ್ಬರು ಗಂಡುಮಕ್ಕಳಿಗೂ ಸೂಜಿಯಿಂದ ಚುಚ್ಚಿದನು. (ವೈದ್ಯರ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ಈ ರೈತನ ಹೆಸರು ಬಹಳ ಜನಕ್ಕೆ ತಿಳಿಯದು.) 22 ವರ್ಷಗಳ ಮೇಲೆ, 1796ರ ಮೇ 14ರಂದು, ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಹಾಲು ಕರೆಯುವ ಹೆಣ್ಣುಮಗಳೊಬ್ಬಳ ಕೈಗುಳ್ಳೆಯ ರಸವನ್ನು 8 ವರ್ಷದ ಹುಡುಗನ ತೋಳಿಗೆ ಹಾಕಿದರು. ಜುಲೈ ತಿಂಗಳಲ್ಲಿ ಸಿಡುಬಿನ ಕೀವನ್ನೇ ಹಾಕಿ ನೋಡಿದರೂ ಹುಡುಗನಿಗೆ ರೋಗ ಬರಲಿಲ್ಲ. 1798ರಲ್ಲಿ ಅವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಗೋಸಿಡುಬನ್ನು ‘ವೇರಿಯೋಲೇ ವ್ಯಾಕ್ಸಿನೇ’, ಎಂದರೆ ಹಸುವಿನ ಸಿಡುಬು, ಎಂದು ಕರೆದರು. ವ್ಯಾಕ್ಸಿನ್ ಬಂದುದು ಅಲ್ಲಿಂದ.

ಹಾಗಾದರೆ ಕೋಳಿ ಕುರಿಗಳಿಗೆ ಹಾಕುವ ಮದ್ದಿಗೂ ಹಸುವಿನ ಹೆಸರೇಕೆ? ಫ್ರಾನ್ಸಿನ ಲೂಯಿ ಪಾಶ್ಚರ್ ಅವರು ಕೋಳಿಗಳ ಕಾಲರಾಕ್ಕೂ ಕುರಿಗಳ ನೆರಡಿ ರೋಗಕ್ಕೂ ಲಸಿಕೆ ತಯಾರಿಸಿ, ಜೆನ್ನರರ ಗೌರವಾರ್ಥವಾಗಿ ಎಲ್ಲಕ್ಕೂ ಇದೇ ಹೆಸರಿರಲೆಂದು 1881ರಲ್ಲಿ ಸೂಚಿಸಿದರು.

2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ದನಗಳಿಗೆ ಮೇಕೆ ಸಿಡುಬಿನ ಲಸಿಕೆಯನ್ನು ಹಾಕಲಾಯಿತು. ‘ಮೇಕೆಯ ಮದ್ದು ಹಸುವಿಗೇಕೆ ಸ್ವಾಮಿ?’ ಎಂದು ಹಗ್ಗ ಹಿಡಿದು ದನವನ್ನು ವಾಪಸು ಹೊಡೆದುಕೊಂಡು ಹೋದವರೂ ಉಂಟು. ಪ್ರಶ್ನೆ ನ್ಯಾಯವಾದದ್ದೇ. ಮೇಕೆ ಸಿಡುಬಿನ ರೋಗಾಣು, ಚರ್ಮಗಂಟಿನ ರೋಗಾಣು, ಎರಡೂ ಒಂದೇ ಮನೆತನದ ದಾಯಾದಿಗಳು. ಒಂದನ್ನು ಗುರುತು ಹಿಡಿದ ಮೈ ಇನ್ನೊಂದನ್ನೂ ತಡೆಯುತ್ತದೆ. ಹಸುವಿನ ಸಿಡುಬು ಮನುಷ್ಯನನ್ನು ಕಾಯ್ದದ್ದೂ ಹೀಗೆಯೇ.

ಲಸಿಕೆಯ ಬಲ ಮೈಗೂಡಲು ಸುಮಾರು 3 ವಾರ ಬೇಕು. ಆದ್ದರಿಂದ ಪಕ್ಕದ ಊರಿನಲ್ಲಿ ಗಂಟು ಕಾಣಿಸಿತೆಂದು ಆಮೇಲೆ ಓಡಾಡದೆ, ದನ ಆರೋಗ್ಯವಾಗಿರುವಾಗಲೇ ಹಾಕಿಸತಕ್ಕದ್ದು. ಆಗಲೇ ಮೈಯಲ್ಲಿ ಗಂಟೆದ್ದ ದನವನ್ನು ಲಸಿಕೆಯ ಸಾಲಿಗೆ ತರದೆ, ಬೇರೆ ಕಟ್ಟಿ, ಪಶುವೈದ್ಯರಿಗೆ ಹೇಳಿ ಕಳುಹಿಸಿರಿ.