ಹಾವು ಕಚ್ಚಿದ ಕಾಲಿಗೆ ಕಟ್ಟು ಬೇಡ

ಅಂಜನಾಪುರ ಜಲಾಶಯದಿಂದ ನಾಲೆಗೆ ನೀರು ಬಿಟ್ಟರೆ ಶಿಕಾರಿಪುರದ ಬಯಲಿನಲ್ಲಿ ಗದ್ದೆ ಕೆಲಸ ಶುರು. ಗದ್ದೆಗೆ ಇಲಿ, ಕಪ್ಪೆ ಬರುತ್ತವೆ. ಅವುಗಳ ಬೆನ್ನಿಗೇ ಹಾವು. ಕತ್ತಲಲ್ಲಿ ನೀರು ಕಟ್ಟಲು ಹೋದವರಿಗೆ ಕಚ್ಚಿತೆಂದರೆ ಜೊತೆಗಿದ್ದವರು ಮೊದಲು ಮಾಡುವ ಕೆಲಸ, ಟವೆಲ್ಲನ್ನೋ ಹಗ್ಗವನ್ನೋ ಕಾಲಿಗೆ ಬಿಗಿಯುವುದು. ವಿಷ ಮೇಲೇರಬಾರದಲ್ಲ!

ಕಟ್ಟಿದರೂ ಏರುತ್ತದೆ. ಕೊಳಕುಮಂಡಲದ ವಿಷ ಮೊದಲೇ ಮಾಂಸವನ್ನು ಕೊಳೆಸುತ್ತಿರುತ್ತದೆ, ಬಿಗಿದ ಕಟ್ಟು ರಕ್ತವನ್ನೂ ತಡೆದು ಕಾಲನ್ನೇ ಕಳೆಯಬಹುದು. ಆ ಕಟ್ಟನ್ನು ದಾರಿಯಲ್ಲಿ ತಟ್ಟನೆ ಬಿಚ್ಚುವುದೂ ಅಪಾಯ. ತುರ್ತು ಚಿಕಿತ್ಸೆಯ ವೈದ್ಯರು ಡ್ರಿಪ್ ಹಾಕಿ, ಉಸಿರಾಟದ ಸಲಕರಣೆ ಪಕ್ಕದಲ್ಲಿಟ್ಟುಕೊಂಡೇ ಅದನ್ನು ಸಡಿಲಿಸುತ್ತಾರೆ. ಮನೆಯವರು ಮಾಡಬೇಕಾದದ್ದು ಇಷ್ಟೇ: ಉಂಗುರ, ಗೆಜ್ಜೆ ತೆಗೆಯುವುದು, ಮೂಳೆ ಮುರಿದವರಿಗೆ ಮಾಡುವಂತೆ ದಬ್ಬೆ ಇಟ್ಟು ಕಾಲು ಅಲುಗದಂತೆ ನೋಡಿಕೊಳ್ಳುವುದು, ನಡೆಸದೆ ಹೊತ್ತು ಸಾಗಿಸುವುದು, 108ಕ್ಕೆ ಕರೆ ಮಾಡುವುದು.

ನಾಟಿ ಔಷಧಿ ಕುಡಿದು ಬದುಕಿದವರು ಪ್ರತಿ ಊರಿನಲ್ಲೂ ಇದ್ದಾರೆ, ಸುಳ್ಳಲ್ಲ. ಆದರೆ ಕೇರೆ, ನೀರುಹಾವುಗಳಿಗೆ ವಿಷವೇ ಇಲ್ಲ. ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಹಾಗೆ ಕಚ್ಚಿಸಿಕೊಂಡವರು ಬೇರು ಅರೆದು ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ.

ಎರಡು ಹಲ್ಲಿನ ಗುರುತು, ಬಾವು ಇಲ್ಲದಿದ್ದರೆ ಭಯವಿಲ್ಲ ಎಂಬ ನಂಬಿಕೆಯೂ ಅಷ್ಟೇ ಟೊಳ್ಳು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಚ್ಚರವೇ ಆಗದಿರಬಹುದು. ಬೆಳಗ್ಗೆ ಹೊಟ್ಟೆನೋವು ಎನ್ನುತ್ತಾರೆ, ಮನೆಯವರು ಗ್ಯಾಸ್ಟ್ರಿಕ್ ಎಂದುಕೊಳ್ಳುತ್ತಾರೆ. ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಉಸಿರು ಸೋಲುತ್ತದೆ.

ಹಾವನ್ನು ಕೊಂದು ಚೀಲದಲ್ಲಿ ತರುವ ಸಾಹಸವೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಆಸ್ಪತ್ರೆಯಲ್ಲಿರುವುದು ಒಂದೇ ಪ್ರತಿವಿಷ.

ಹೆಚ್ಚು ಜಗಳವಾಗುವುದು ಆಸ್ಪತ್ರೆಯ ಒಳಗೆ. ‘ಇಂಜೆಕ್ಷನ್ ಕೊಡದೆ ಸುಮ್ಮನೆ ಮಲಗಿಸಿದ್ದಾರೆ’ ಎಂಬುದು ಬಂಧುಗಳ ದೂರು. ಆ ಹೊತ್ತಿನಲ್ಲಿ ರೋಗಿಯ 2 ಮಿಲಿ ರಕ್ತ ಒಣ ಗಾಜಿನ ಕೊಳವೆಯಲ್ಲಿ ಅಲುಗದೆ ನಿಂತಿರುತ್ತದೆ. 20 ನಿಮಿಷದ ಬಳಿಕ ಓರೆ ಮಾಡಿದಾಗ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಕೆಲಸ ಮಾಡಿದೆ ಎಂದರ್ಥ. ಪ್ರತಿವಿಷ ತಯಾರಾಗುವುದು ಕುದುರೆಯ ರಕ್ತದಿಂದ; ಕೆಲವರಿಗೆ ಅದರಿಂದಲೇ ಜೀವಕ್ಕೆ ಕುತ್ತಾಗುವಷ್ಟು ಅಲರ್ಜಿ ಆಗುತ್ತದೆ. ಆದ್ದರಿಂದ ವಿಷದ ಲಕ್ಷಣ ಕಾಣದೆ ಕೊಡುವುದಿಲ್ಲ, ಕೊಡುವಾಗ ಅಡ್ರಿನಲಿನ್ ಸಿದ್ಧವಿರುತ್ತದೆ. ಲಕ್ಷಣವಿಲ್ಲದವರನ್ನೂ 24 ಗಂಟೆ ಮನೆಗೆ ಬಿಡದಿರುವುದು ಬಿಲ್ಲಿನ ಆಸೆಗಲ್ಲ.

ಇನ್ನೊಂದು ಗಾಬರಿ, ಎಳೆ ಮಗುವಿಗೆ 8–10 ಬಾಟಲಿ ಔಷಧಿಯೇ ಎಂಬುದು. ಹೌದು, ದೊಡ್ಡವರಿಗೆ ಕೊಡುವಷ್ಟೇ. ಮಗುವೆಂದು ಹಾವು ಕಡಿಮೆ ವಿಷ ಬಿಡುವುದಿಲ್ಲವಲ್ಲ.

‘ತಾಲ್ಲೂಕು ಆಸ್ಪತ್ರೆಯಲ್ಲಿ ಏನಿದೆ, ನೇರ ಶಿವಮೊಗ್ಗಕ್ಕೆ ಹೋಗೋಣ’ ಎನ್ನುವವರು ಸುಮಾರು 50 ಕಿ.ಮೀ. ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಮಾತ್ರ ಹಿಡಿಯುತ್ತದೆ. ನರಕ್ಕೆ ಅಂಟಿದ ಕಟ್ಟುಹಾವಿನ ವಿಷವನ್ನು ಬಿಡಿಸಲಾರದು, ಕೊಳಕುಮಂಡಲ ಕೆಡಿಸಿದ ಕಿಡ್ನಿಯನ್ನು ಸರಿಪಡಿಸಲಾರದು. ಮೊದಲ ಡೋಸ್ ಶಿಕಾರಿಪುರದಲ್ಲೋ ಸೊರಬದಲ್ಲೋ ಬಿದ್ದ ಮೇಲೆ, ವೆಂಟಿಲೇಟರ್ ಅಥವಾ ಡಯಾಲಿಸಿಸ್ ಬೇಕಾದವರು ಶಿವಮೊಗ್ಗದ ಮೆಗ್ಗಾನ್‌ ಆಸ್ಪತ್ರೆಗೆ ಹೋಗುವುದು ಸರಿಯಾದ ಕ್ರಮ.

2000ರಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂಬ ಅಂದಾಜಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು; ಖಾಸಗಿ ಆಸ್ಪತ್ರೆಗಳೂ ಈಗ ಲೆಕ್ಕ ಕೊಡಬೇಕು. ಮಂತ್ರ ಹಾಕಿಸಲು ಹೋಗಿ ಅಲ್ಲೇ ಉಸಿರು ನಿಂತವರನ್ನು ಆ ಲೆಕ್ಕಕ್ಕೆ ತರುವುದು ಮಾತ್ರ ಯಾವ ಆಸ್ಪತ್ರೆಗೂ ಸಾಧ್ಯವಿಲ್ಲ.