ಪದ್ಮ ಪ್ರಶಸ್ತಿಗಳ ಶ್ರೇಣಿ ಮತ್ತು ಪದಕ

ಪ್ರಶ್ನೆ: ಪದ್ಮ ಪ್ರಶಸ್ತಿಗಳಲ್ಲಿ ಎಷ್ಟು ಶ್ರೇಣಿಗಳಿವೆ? ಹೆಸರಿನ ಮುಂದೆ ‘ಪದ್ಮಶ್ರೀ’ ಎಂದು ಬರೆಯಬಹುದೇ? (ಓದುಗರು, ಚಂದಾಪುರ)

ಉತ್ತರ: 1954ರಲ್ಲಿ ಭಾರತರತ್ನದ ಜೊತೆಗೆ ಸ್ಥಾಪನೆಯಾದ ಪದ್ಮವಿಭೂಷಣಕ್ಕೆ ಆರಂಭದಲ್ಲಿ ಮೂರು ವರ್ಗಗಳಿದ್ದು, 1955ರ ಜನವರಿಯಲ್ಲಿ ಅವು ಕ್ರಮವಾಗಿ ಪದ್ಮವಿಭೂಷಣ, ಪದ್ಮಭೂಷಣ, ಪದ್ಮಶ್ರೀ ಎಂದು ಮರುನಾಮಕರಣಗೊಂಡವು. ಕಂಚಿನ ಪದಕದ ಮುಂಬದಿಯಲ್ಲಿ ಕಮಲದ ಹೂವೂ, ಅದರ ಮೇಲೆ ‘ಪದ್ಮ’ ಎಂಬ ಪದವೂ, ಕೆಳಗೆ ಶ್ರೇಣಿಯ ಹೆಸರೂ ದೇವನಾಗರಿಯಲ್ಲಿರುತ್ತವೆ. ಸಂವಿಧಾನದ 18ನೇ ವಿಧಿಯು ಬಿರುದುಗಳನ್ನು ರದ್ದುಗೊಳಿಸಿರುವುದರಿಂದ, 1995ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶಸ್ತಿಗಳನ್ನು ಎತ್ತಿಹಿಡಿದರೂ, ಅವನ್ನು ಹೆಸರಿನ ಹಿಂದೆ ಮುಂದೆ ಬಳಸಕೂಡದೆಂದು ಸ್ಪಷ್ಟಪಡಿಸಿತು. ಕಲಬುರಗಿಯಲ್ಲಿ ಹುಟ್ಟಿದ ಕ್ಯಾನ್ಸರ್ ತಜ್ಞೆ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ನಾಮನಿರ್ದೇಶನವು ಸಾರ್ವಜನಿಕರಿಗೆ ಮುಕ್ತವಾಗಿರುವುದರಿಂದ, ಚಿಂಚೋಳಿ, ಸೇಡಂ ಭಾಗದ ಓದುಗರೂ ತಮ್ಮೂರಿನ ಅರ್ಹರ ಹೆಸರನ್ನು ತಪ್ಪದೆ ಕಳುಹಿಸಬೇಕು.